ಹಳ್ಳವೂ ಬಳ್ಳವೂ

‘ಹನಿ ಹನಿಗೂಡಿದರೆ ಹಳ್ಳ, ತೆನೆ ತೆನೆಗೂಡಿದರೆ ಬಳ್ಳ.’ ಭಾಷೆ ಕಲಿಯಲು ಹೊರಟವರನ್ನು ತಡೆಯಲು ಈ ಗಾದೆಯನ್ನು ಬಳಸುವುದುಂಟು: ಅವಸರವೇಕೆ, ದಿನಕ್ಕೆರಡು ಮಾತು ಕಲಿತರಾಯಿತು ಎಂದು. ತಮ್ಮ ತರಗತಿ ಬಿಟ್ಟು ಹತ್ತು ತಿಂಗಳು ಮೈಸೂರಿನಲ್ಲಿ ಕನ್ನಡ ಕಲಿಯಲು ಹೋಗಲೋ ಬೇಡವೋ ಎಂದು ತೂಗುವ ಸೊಲ್ಲಾಪುರ ಜಿಲ್ಲೆಯ ಮರಾಠಿ ಮಾಸ್ತರರಿಗೂ ಈ ಬುದ್ಧಿವಾದ ಸಿಕ್ಕೀತು.

ಗಾದೆಯನ್ನು ಮಂಗಳವೇಢೆ ತಾಲ್ಲೂಕಿನ ನಂದೇಶ್ವರದಂಥ ಮಳೆ ಕಡಿಮೆಯ ಊರಿನಲ್ಲಿ ನಿಂತು ಕೇಳಬೇಕು. ಬಿಸಿಲಿಗೆ ಬಾಯ್ಬಿಟ್ಟ ಎರೆಹೊಲದ ಮೇಲೆ ವಾರಕ್ಕೊಮ್ಮೆ ನಾಲ್ಕು ಹನಿ ಉದುರಿದರೆ ಹಳ್ಳ ಹರಿಯುವುದಿಲ್ಲ. ಮುಂದಿನ ಹನಿ ಬರುವಷ್ಟರಲ್ಲಿ ಮೊದಲನೆಯದು ಆರಿಹೋಗಿರುತ್ತದೆ. ಬಿಡದೆ ಸುರಿದರೇ ಹಳ್ಳ. ವಾರಕ್ಕೊಂದು ಗಂಟೆಯ ಪಾಠ ವರ್ಷಗಟ್ಟಲೆ ನಡೆದರೂ ನಾಲಿಗೆ ಹೊರಳದಿರುವುದು ಇದಕ್ಕೇ.

ಮೈಸೂರಿನ ಭಾರತೀಯ ಭಾಷಾ ಸಂಸ್ಥಾನ 1969ರಲ್ಲಿ ಆರಂಭವಾಯಿತು. ಅದರ ದಕ್ಷಿಣ ಪ್ರಾದೇಶಿಕ ಭಾಷಾ ಕೇಂದ್ರದಲ್ಲಿ ಬೇರೆ ರಾಜ್ಯಗಳ ಶಿಕ್ಷಕರಿಗೆ ಹತ್ತು ತಿಂಗಳು ಪೂರ್ತಿ ಭಾಷೆ ಕಲಿಯುವುದೇ ಕೆಲಸ. ಮನೆ, ಮಕ್ಕಳನ್ನು ಬಿಟ್ಟಿರಬೇಕು. ಹೊಲವಿದ್ದವರಿಗೆ ಒಂದು ಹಿಂಗಾರಿಯೇ ಕೈತಪ್ಪುತ್ತದೆ. ಸಣ್ಣ ಬೆಲೆಯಲ್ಲ.

ಆದರೂ ಹೋಗಬೇಕೆನ್ನುತ್ತೇನೆ. ಗಡಿಯ ಮರಾಠಿ ಶಾಲೆಯ ಒಂದನೆಯ ಇಯತ್ತೆಯಲ್ಲಿ ಕನ್ನಡ ಮನೆಯ ಮಗುವೊಂದು ‘ಹೊಟ್ಟಿ ನೋಯಾಕತ್ತೈತ್ರಿ’ ಎಂದು ಅಳುತ್ತ ನಿಂತಾಗ, ಅದು ತಿಳಿಯದ ಮಾಸ್ತರರು ಎಷ್ಟೇ ಒಳ್ಳೆಯವರಾದರೂ ಆ ಮಗು ಒಂಟಿ.

ಆದರೆ ಮೈಸೂರಿನಲ್ಲಿ ಕಲಿಯುವುದು ಪುಸ್ತಕದ ‘ನೋಯುತ್ತಿದೆ.’ ಗಾದೆಯ ಎರಡನೆಯ ಅರ್ಧ ಇಲ್ಲಿಗೆ ಬೇಕು. ತೆನೆ ತಾನಾಗಿ ಬಳ್ಳಕ್ಕೆ ಬೀಳುವುದಿಲ್ಲ. ಕೊಯ್ದು, ಬಡಿದು, ತೂರಿ ಅಳೆಯಬೇಕು. ಅಕ್ಕಲಕೋಟೆಯ ಸಂತೆಯಲ್ಲಿ, ಪಾಲಕರ ಕಟ್ಟೆಯ ಮೇಲೆ ಕೂತು ಆ ‘ನೋಯಾಕತ್ತೈತಿ’ಯನ್ನು ಕೂಡಿಸಿಕೊಳ್ಳುವ ಕೆಲಸವನ್ನು ಯಾವ ಕೋರ್ಸೂ ಮಾಡಿಕೊಡದು.

ಕೋರ್ಸಿಲ್ಲದೆ ಕಲಿತವರಿಲ್ಲವೇ? ಇದ್ದಾರೆ. 1912ರಲ್ಲಿ ಸೊಲ್ಲಾಪುರದಲ್ಲಿ ಹುಟ್ಟಿದ ಜಯದೇವಿತಾಯಿ ಲಿಗಾಡೆಯವರು ಶಾಲೆ ಕಲಿತದ್ದು ಮರಾಠಿಯಲ್ಲಿ. ಕನ್ನಡವನ್ನು ಆಮೇಲೆ ದುಡಿದು ದಕ್ಕಿಸಿಕೊಂಡು, ಸೊನ್ನಲಿಗೆಯ ಸಿದ್ಧರಾಮನ ಪುರಾಣವನ್ನು ತ್ರಿಪದಿಯಲ್ಲಿ ಬರೆದರು. ವಚನಗಳನ್ನು ಮರಾಠಿಗೆ ಕೊಂಡೊಯ್ದರು. 1974ರ ಮಂಡ್ಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು, ಆ ಪೀಠವೇರಿದ ಮೊದಲ ಮಹಿಳೆಯಾಗಿ. ಅವರ ಹನಿಗಳ ನಡುವೆ ಬಿಡುವೇ ಇರಲಿಲ್ಲವೆನ್ನಲು ಆ ಗ್ರಂಥಗಳೇ ಸಾಕ್ಷಿ. ಅಂಥ ಛಲ ಎಲ್ಲರಿಗೂ ಬರುವುದಿಲ್ಲ; ಉಳಿದವರಿಗೆ ಕಟ್ಟುಪಾಡಿನ ತರಗತಿ ಬೇಕು.

ಬರಿಯ ಪ್ರಮಾಣಪತ್ರಕ್ಕಾಗಿ ಹೋಗುವವರು ಆ ಸ್ಥಾನವನ್ನು ಬೇರೆಯವರಿಗೆ ಬಿಡುವುದು ಒಳ್ಳೆಯದು. ತರಗತಿಯಲ್ಲಿ ಕನ್ನಡ ಮನೆಯ ಮಕ್ಕಳಿರುವ ಮಾಸ್ತರರೇ, ಶಿಕ್ಷಕಿಯರೇ, ನೀವು ಅರ್ಜಿ ಹಾಕಿ. ಮೇಲಿನ ಸಾಹೇಬರೇ, ದಯವಿಟ್ಟು ಅವರನ್ನು ಕಳಿಸಿಕೊಡಿ.