ಎತ್ತಿ ನಿಲ್ಲಿಸಿದ ಭಾರ

ನಮ್ಮ ಕರಾವಳಿಯ ನಾಡದೋಣಿಗಳ 9.9 ಎಚ್‌ಪಿ ಔಟ್‌ಬೋರ್ಡ್ ಎಂಜಿನ್ನನ್ನು ಸಾಮಾನ್ಯವಾಗಿ ಕೈಯಲ್ಲೇ ಎತ್ತುತ್ತಾರೆ. ಅಳಿವೆಯ ಮರಳು ದಿಬ್ಬ ಹತ್ತಿರವಾದಾಗ ಫ್ಯಾನನ್ನು ನೀರಿನಿಂದ ಮೇಲೆತ್ತಿದವನ ತೋಳಿಗೆ ಅದರ ತೂಕ ಗೊತ್ತಿರುತ್ತದೆ. ದೊಡ್ಡ ಎಂಜಿನ್‌ಗಳಿಗೆ ಗುಂಡಿ ಒತ್ತಿದರಾಯಿತು. 150 ಎಚ್‌ಪಿಯದು 200 ಕಿಲೋ ದಾಟುತ್ತದೆ. ಬೆರಳಿಗೆ ಅದರ ಸುಳಿವೇ ಇಲ್ಲ.

ಗುಂಡಿ ಒತ್ತಿದಾಗ ಪುಟ್ಟ ಪಂಪು ಎಣ್ಣೆಯನ್ನು ಸಿಲಿಂಡರಿಗೆ ನೂಕುತ್ತದೆ. ಬೆರಳು ತೆಗೆದರೆ ಕವಾಟ ಮುಚ್ಚಿ ಎಣ್ಣೆ ಒಳಗೇ ಸಿಕ್ಕಿಕೊಳ್ಳುತ್ತದೆ. ಎಂಜಿನ್ ಅಲ್ಲಾಡದೆ ನಿಂತಿರುವುದನ್ನು ನೋಡಿ ನಾವು ಅದನ್ನು ವಿಶ್ರಾಂತಿ ಎಂದುಕೊಳ್ಳುತ್ತೇವೆ. ಒಳಗೆ ಸ್ವಲ್ಪ ಎಣ್ಣೆ ಮತ್ತು ಕೆಲವು ರಬ್ಬರ್ ಸೀಲುಗಳು ಅಷ್ಟೂ ಭಾರವನ್ನು ಕ್ಷಣಕ್ಷಣವೂ ತಡೆಯುತ್ತಿರುತ್ತವೆ. ನಿಂತದ್ದೆಲ್ಲ ತಂಗಿದೆ ಎಂಬ ನಂಬಿಕೆ ನಮಗೆ ಎಲ್ಲಿಂದ ಬಂತೋ!

ಸಿಲಿಂಡರಿನ ಬುಡದ ಬಳಿ ಸ್ಕ್ರೂಡ್ರೈವರ್ ಕೂರುವಷ್ಟು ಗೀರಿನ ಒಂದು ತಿರುಪು ಇರುತ್ತದೆ. ಬ್ಯಾಟರಿ ಕೈಕೊಟ್ಟಾಗ ಅದನ್ನು ಸಡಿಲಿಸಿ ಎಂಜಿನ್ನನ್ನು ಕೈಯಲ್ಲಿ ಎತ್ತಿಳಿಸಬಹುದು. ಮೇಲೆತ್ತಿದ ಎಂಜಿನ್ನಿಗೆ ಆಸರೆ ಕೊಡದೆ ಅದನ್ನೇ ಸಡಿಲಿಸಿದರೆ, ಕೆಳಗಿರುವ ಕೈಯ ಗತಿ ಹೇಳಬೇಕಿಲ್ಲ.

ಜೂನ್–ಜುಲೈ ಮೀನುಗಾರಿಕೆ ನಿಷೇಧದಲ್ಲಿ 10 ಎಚ್‌ಪಿ ಮೀರಿದ ಎಂಜಿನ್ನಿನ ದೋಣಿಗಳು ದಡ ಸೇರಿದಾಗ ಇವನ್ನೆಲ್ಲ ನೋಡಲು ಪುರುಸೊತ್ತು. ಬಲ್ಲ ಮೆಕ್ಯಾನಿಕ್ ಎಂಜಿನ್ನನ್ನು ಪೂರ್ತಿ ಎತ್ತಿ, ಬ್ರ್ಯಾಕೆಟ್ಟಿನ ಆಸರೆ ಲಿವರ್ ಹಾಕಿ, ತುಸು ಇಳಿಸಿ ಭಾರವನ್ನು ಅದರ ಮೇಲೆ ಕೂರಿಸುತ್ತಾನೆ. ಬ್ಯಾಟರಿಯ ವೈರು ಕಳಚುತ್ತಾನೆ. ಎಣ್ಣೆಯ ಮುಚ್ಚಳ ತೆಗೆಯುವುದು ಆಮೇಲೆ, ಅದೂ ನಿಧಾನವಾಗಿ. ಎಂಜಿನ್ ಕೆಳಗಿರುವಾಗ ತೆಗೆದರೆ ಎಣ್ಣೆ ಒತ್ತಡಕ್ಕೆ ಮುಖಕ್ಕೇ ಚಿಮ್ಮಬಹುದು. ಎಣ್ಣೆ ಹಾಲಿನಂತೆ ಬೆಳ್ಳಗಾಗಿದ್ದರೆ ಎಲ್ಲಿಂದಲೋ ನೀರು ಸೇರಿದೆ ಎಂದರ್ಥ.

ಸಿಲಿಂಡರ್ ಗಟ್ಟಿಯಾಗಿದ್ದೂ ಲಿವರ್ ಹಾಕುವುದು ಯಂತ್ರದ ಮೇಲಿನ ಅಪನಂಬಿಕೆಯೇ? ನನಗೆ ಹಾಗನಿಸುವುದಿಲ್ಲ. ಎತ್ತುವುದು ಎಣ್ಣೆಯ ಕೆಲಸ. ನೀರಲ್ಲಿ ಮರದ ದಿಮ್ಮಿ ಬಡಿದರೆ ಕವಾಟ ತೆರೆದು, ಎಂಜಿನ್ ಮೇಲಕ್ಕೆ ನೆಗೆದು ಪಾರಾಗಲು ದಾರಿ ಬಿಡುವುದೂ ಅದರದೇ ಕೆಲಸ. ಮಣಿಯಬಲ್ಲದ್ದಕ್ಕೆ ಕಂಬದ ಪಾತ್ರ ಕೊಟ್ಟವರು ನಾವು. ಹಿಂದೆ ಎಂದೂ ಬಿದ್ದಿಲ್ಲವಲ್ಲ ಎಂಬ ಸಮಾಧಾನ ನಮ್ಮ ಲೆಕ್ಕ. ಸವೆಯುತ್ತಿರುವ ಸೀಲಿನ ಲೆಕ್ಕ ಬೇರೆ.

ಆ ಲಿವರಿಗೂ ಮಿತಿಯುಂಟು. ದೋಣಿಯನ್ನು ಟ್ರೈಲರಿನಲ್ಲಿ ಒಯ್ಯುವಾಗ ಅದನ್ನು ನೆಚ್ಚಬೇಡಿ, ರಸ್ತೆಯ ಕುಲುಕಾಟಕ್ಕೆ ಕಳಚಿಕೊಳ್ಳಬಹುದು, ಬೇರೆ ಆಸರೆ ಕೊಡಿ ಎನ್ನುತ್ತವೆ ಕೈಪಿಡಿಗಳು.