ಕೆಡವಿದವನಿಗೂ ಒಂದು ಬನ್ನಿ

ದಸರೆಯ ದಿನಗಳಲ್ಲಿ ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿಗಳ ಸೀಮೆಯಲ್ಲಿ ಸಂಚರಿಸುವವರ ಕಿವಿಗೆ ಒಂದು ಮಾತು ಮತ್ತೆ ಮತ್ತೆ ಬೀಳುತ್ತದೆ: ‘ಬನ್ನಿ ತಗೊಂಡು ಬಂಗಾರದಂಗ ಇರೋಣ.’ ವಿಜಯದಶಮಿಯಂದು ಕಿರಿಯರು ಹಿರಿಯರ ಕೈಗೆ ಬನ್ನಿಯ ಎಲೆಗಳನ್ನಿತ್ತು ನಮಸ್ಕರಿಸುತ್ತಾರೆ. ಮಾತು ಬಿಟ್ಟವರೂ ಅಂದು ಎಲೆ ಬದಲಿಸಿಕೊಂಡು ಮಾತನಾಡುವುದುಂಟು. ಅದರ ಹಿಂದಿನ ದಿನ ಆಯುಧಪೂಜೆ. ಬಡಗಿ ತನ್ನ ಉಳಿಗೆ, ಚಾಲಕ ತನ್ನ ಲಾರಿಗೆ ಕೈಮುಗಿಯುವ ಆ ದಿನ ನಮ್ಮ ನಾಡಿನ ಗರಡಿಮನೆಗಳಲ್ಲಿ ಗದೆ, ಕರೇಲ, ಸಂಗ್ರಾಣಿ ಕಲ್ಲುಗಳನ್ನು ತೊಳೆದು, ಮಟ್ಟಿಯ ಕೆಂಪು ಮಣ್ಣನ್ನು ಹದಗೊಳಿಸಿ ಪೂಜಿಸುತ್ತಾರೆ. ಉಸ್ತಾದರಿಗೆ ಕಾಣಿಕೆ ಸಲ್ಲಿಸುತ್ತಾರೆ.

ಸುಂದರವಾದ ಸಂಪ್ರದಾಯವೇನೋ ಸರಿ. ಆದರೆ ಕೃತಜ್ಞತೆ ಎಂಬುದು ವರ್ಷಕ್ಕೊಮ್ಮೆ ಸಲ್ಲಿಸಿ ಮುಗಿಸಬಹುದಾದ ಬಾಕಿಯೇ? ಅದು ಸಲ್ಲಬೇಕಾದದ್ದು ಯಾರಿಗೆ?

ಗರಡಿಗೆ ಬರುವ ಹುಡುಗನೊಬ್ಬ ಪಡೆಯುವುದನ್ನು ಲೆಕ್ಕ ಹಾಕಿ ನೋಡಿ. ಮೊದಲು ಮಣ್ಣು. ಅದನ್ನು ಯಾರೋ ಹೊತ್ತು ತಂದು, ಜರಡಿ ಹಿಡಿದು, ಎಣ್ಣೆ, ಅರಿಶಿನ, ಮಜ್ಜಿಗೆ ಬೆರೆಸಿ ಮೃದುವಾಗಿಸಿದ್ದಾರೆ. ಮನೆಯಲ್ಲಿ ತಾಯಿ ತನ್ನ ಪಾಲಿನ ಹಾಲನ್ನು ಅವನ ಲೋಟಕ್ಕೆ ಸುರಿದಿದ್ದಾಳೆ. ಉಸ್ತಾದರು ಬೆಳಗಿನ ನಿದ್ದೆಯನ್ನು ಕೊಟ್ಟಿದ್ದಾರೆ. ಆಂಜನೇಯನ ಪಟದ ಮುಂದೆ ನಿಂತು ನಾವು ಆಡುವ ‘ಉಸ್ತಾದ’, ‘ಪೈಲ್ವಾನ’ ಎಂಬ ಪದಗಳು ಕೂಡ ಪಾರಸಿಯಿಂದ ಬಂದವು. ಅಂದರೆ ನಾಲಗೆಯ ಮೇಲೂ ಅನ್ಯರ ಋಣವಿದೆ.

ಇವರೆಲ್ಲರನ್ನೂ ನೆನೆಯುವುದು ಅಷ್ಟೇನೂ ಕಷ್ಟವಲ್ಲ. ನಾವು ಮರೆಯುವುದು ಇನ್ನೊಬ್ಬನನ್ನು, ಅವನೇ ಎದುರಾಳಿ. ದಂಡ, ಬಸ್ಕಿಗಳನ್ನು ಒಬ್ಬನೇ ಹೊಡೆಯಬಹುದು. ಆದರೆ ಒಂದು ಪಟ್ಟನ್ನಾದರೂ ಒಬ್ಬನೇ ಕಲಿಯಲಾಗದು. ಅದಕ್ಕೆ ಇನ್ನೊಬ್ಬನ ಕುತ್ತಿಗೆ ಬೇಕು, ಇನ್ನೊಬ್ಬನ ಬೆನ್ನು ಬೇಕು. ಎದುರಾಳಿಯು ತನ್ನ ದೇಹವನ್ನೇ ನಮಗೆ ಕಡ ಕೊಡುತ್ತಾನೆ. ಅವನು ನಮ್ಮನ್ನು ಕೆಡವಿದಾಗ ನಮ್ಮ ದೋಷವನ್ನು ಮುಚ್ಚುಮರೆಯಿಲ್ಲದೆ ತೋರಿಸುತ್ತಾನೆ. ಹೊಗಳುವ ಗೆಳೆಯರು ಮಾಡಲಾರದ ಉಪಕಾರವದು.

ಈ ಐದೂ ತಾಲ್ಲೂಕುಗಳು ಹೊಸಪೇಟೆಯೊಡನೆ 2021ರಲ್ಲಿ ವಿಜಯನಗರ ಜಿಲ್ಲೆಯಾದವು. ಹೊಸಪೇಟೆಯ ಪಕ್ಕದ ಹಂಪಿಯಲ್ಲಿ ಮಹಾನವಮಿ ದಿಬ್ಬ ಇಂದಿಗೂ ನಿಂತಿದೆ. ಸುಮಾರು 1520ರಲ್ಲಿ ರಾಜಧಾನಿಯ ಮಹಾನವಮಿಯನ್ನು ಕಂಡ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್ ಅಲ್ಲಿನ ಮಲ್ಲರ ಕಾಳಗವನ್ನು ಬಣ್ಣಿಸಿದ್ದಾನೆ. ಹೊಡೆತಗಳಿಗೆ ಹಲ್ಲು ಮುರಿಯುತ್ತಿದ್ದವು, ಮುಖ ವಿಕಾರಗೊಳ್ಳುತ್ತಿತ್ತು; ಗೆದ್ದವನ ಮರ್ಯಾದೆಯನ್ನು ನಿರ್ಣಯಿಸಲು ತೀರ್ಪುಗಾರರಿದ್ದರು. ಮಾತು ನಿಂತುಹೋದ ಕೆಲವರನ್ನು ಗೆಳೆಯರು ಹೊತ್ತೊಯ್ಯುತ್ತಿದ್ದರಂತೆ. ಗೆದ್ದವನ ಮರ್ಯಾದೆಯನ್ನು ಅಳೆಯಲು ಜನರಿದ್ದರು. ಹೊತ್ತೊಯ್ಯಲ್ಪಟ್ಟವನಿಗೆ ಸಲ್ಲಬೇಕಾದ ಮರ್ಯಾದೆಯನ್ನು ಅಳೆದವರು ಯಾರು? ಅವನಿಲ್ಲದಿದ್ದರೆ ಗೆಲುವೆಂಬುದೇ ಇರುತ್ತಿರಲಿಲ್ಲವಲ್ಲ!

1882ರಲ್ಲಿ ಜಪಾನಿನಲ್ಲಿ ಜೂಡೋ ಶಾಲೆಯನ್ನು ಸ್ಥಾಪಿಸಿದ ಜಿಗೊರೊ ಕಾನೊ, ತಾನೂ ಇತರರೂ ಕೂಡಿಯೇ ಏಳಿಗೆ ಹೊಂದುವುದನ್ನು ತನ್ನ ವಿದ್ಯೆಯ ಮೂಲತತ್ವಗಳಲ್ಲೊಂದಾಗಿ ಬೋಧಿಸಿದರು. ಅಲ್ಲಿ ಪಟ್ಟು ಹಾಕುವ ಮೊದಲೂ ಅನಂತರವೂ ಇಬ್ಬರೂ ಪರಸ್ಪರ ಬಾಗಿ ವಂದಿಸುತ್ತಾರೆ. ನಮ್ಮ ಅಖಾಡದಲ್ಲಿ ಪೈಲ್ವಾನರು ಮಣ್ಣು ಮುಟ್ಟಿ, ಕೈಕೊಟ್ಟು ಕಾದಾಟಕ್ಕಿಳಿಯುವುದರ ಅರ್ಥವೂ ಅದೇ.

ಹಾಗಾದರೆ ಈ ಋಣವನ್ನು ತೀರಿಸುವುದು ಹೇಗೆ? ಉಪಕಾರವನ್ನು ಗುರುತಿಸುವುದು, ಬಾಯಿಬಿಟ್ಟು ವಂದಿಸುವುದು, ಶಕ್ತ್ಯಾನುಸಾರ ತಕ್ಕ ಸಮಯದಲ್ಲಿ ಮರಳಿಸುವುದು ಎಂದು 13ನೆಯ ಶತಮಾನದ ಸಂತ ಥಾಮಸ್ ಅಕ್ವಿನಾಸರು ಕೃತಜ್ಞತೆಗೆ ಮೂರು ಮೆಟ್ಟಿಲುಗಳನ್ನು ಹೇಳುತ್ತಾರೆ. ಆದರೆ ಮರಳಿಸಲು ಅವಸರಪಡುವವನು ಕೃತಜ್ಞನಲ್ಲ, ಒಲ್ಲದ ಸಾಲಗಾರ ಎಂಬ ರೋಮನ್ ದಾರ್ಶನಿಕ ಸೆನೆಕನ ಎಚ್ಚರಿಕೆಯನ್ನೂ ಅವರು ಒಪ್ಪುತ್ತಾರೆ. ನಮ್ಮ ಸನ್ಮಾನ ಸಮಾರಂಭಗಳನ್ನು ಈ ಬೆಳಕಿನಲ್ಲಿ ನೋಡಿ. ಶಾಲು, ಹಾರ, ಸ್ಮರಣಿಕೆ, ಒಂದು ಫೋಟೊ. ಅಲ್ಲಿಗೆ ಲೆಕ್ಕ ಚುಕ್ತಾ! ಮರುದಿನ ಮುಂಜಾನೆ ಮಟ್ಟಿಯನ್ನು ಅಗೆಯಲು ಉಸ್ತಾದರು ಒಬ್ಬರೇ.

ಹಾಗೆಂದು ಋಣವನ್ನು ಕಿತ್ತು ವಸೂಲಿ ಮಾಡುವುದೂ ಸಲ್ಲದು. ಏಕಲವ್ಯನ ಕಥೆ ನಮಗೆಲ್ಲ ಗೊತ್ತು. ಒಳಗೆ ಸೇರಿಸಿಕೊಳ್ಳದ ಗುರು ಹೆಬ್ಬೆರಳನ್ನು ದಕ್ಷಿಣೆಯಾಗಿ ಕೇಳಿದ, ಶಿಷ್ಯ ಕೊಟ್ಟ. ಶಿಷ್ಯನ ಕೃತಜ್ಞತೆ ದೊಡ್ಡದಿರಬಹುದು, ಆದರೆ ಆ ಬೇಡಿಕೆ ನ್ಯಾಯವಾಗಲಿಲ್ಲ. ವಿದ್ಯೆಯನ್ನೇ ಕೊಲ್ಲುವ ಗುರುದಕ್ಷಿಣೆ ದಕ್ಷಿಣೆಯಲ್ಲ. ಋಣದ ಹೆಸರಿನಲ್ಲಿ ಕಿರಿಯರ ಬಾಯಿ ಮುಚ್ಚಿಸುವ ಹಿರಿಯರು ಇದನ್ನು ನೆನೆಯಬೇಕು.

ತೀರಿಸಿ ಕೈತೊಳೆದುಕೊಳ್ಳುವುದು ಸುಳ್ಳು, ಕಿತ್ತುಕೊಳ್ಳುವುದು ಅನ್ಯಾಯ. ಇವೆರಡರ ನಡುವೆ ಇನ್ನೊಂದು ದಾರಿಯಿದೆ. ಅದನ್ನು ಗರಡಿಯೇ ಕಲಿಸುತ್ತದೆ. ಹೊಸ ಹುಡುಗನಿಗೆ ಪಟ್ಟು ಕಲಿಸುವಾಗ ಬಲಿಷ್ಠನಾದ ಹಿರಿಯ ಪೈಲ್ವಾನ ತಾನಾಗಿ ಅವನ ಕೈಗೆ ಸಿಕ್ಕು, ಬಿದ್ದು ತೋರಿಸುತ್ತಾನೆ. ಎಂದೋ ಯಾರೋ ತನಗಾಗಿ ಬಿದ್ದಿದ್ದರು. ಇಂದು ಅವನು ಇನ್ನೊಬ್ಬನಿಗಾಗಿ ಬೀಳುತ್ತಾನೆ. ಪಡೆದದ್ದು ಹಿಂದಿನವರಿಂದ, ಕೊಡುವುದು ಮುಂದಿನವರಿಗೆ. ಹೀಗೆ ಋಣವು ತೀರುವುದಿಲ್ಲ, ಹರಿಯುತ್ತದೆ.

ಮಳೆ ಕೈಕೊಟ್ಟಾಗ ಈ ಸೀಮೆಯ ಯುವಕರು ದುಡಿಮೆ ಅರಸಿ ಬೆಂಗಳೂರಿಗೋ ಇನ್ನೆಲ್ಲಿಗೋ ಹೋಗುತ್ತಾರೆ. ಹಬ್ಬಕ್ಕೆ ಊರಿಗೆ ಮರಳುತ್ತಾರೆ. ಅವರು ತರುವ ಕಾಣಿಕೆಗೆ ಬೆಲೆಯಿಲ್ಲವೆಂದಲ್ಲ. ಆದರೆ ಇರುವ ಎರಡು ದಿನಗಳಲ್ಲಿ ಒಂದು ಮುಂಜಾನೆ ಮಟ್ಟಿಗಿಳಿದು, ಹೆಸರೇ ಗೊತ್ತಿಲ್ಲದ ಹುಡುಗನೊಬ್ಬನಿಗೆ ತಮ್ಮ ಬೆನ್ನನ್ನು ಕೊಟ್ಟರೆ ಆ ಕಾಣಿಕೆ ಉಸ್ತಾದರಿಗೆ ನಿಜವಾಗಿ ತಲುಪುತ್ತದೆ.

ಪ್ರಿಯ ವಾಚಕರೇ, ಗರಡಿಯ ಮಣ್ಣನ್ನು ಎಂದೂ ಮೆಟ್ಟದವರಿಗೂ ಈ ಪ್ರಶ್ನೆ ಇದ್ದೇ ಇದೆ. ನಮ್ಮ ತಪ್ಪನ್ನು ಎತ್ತಿ ತೋರಿಸಿದ ಸಹೋದ್ಯೋಗಿ, ವಾದದಲ್ಲಿ ನಮ್ಮನ್ನು ಸೋಲಿಸಿದ ನೆರೆಯವನು, ನಮ್ಮ ಜಂಬವನ್ನು ಇಳಿಸಿದ ಒಡಹುಟ್ಟು ಇವರಲ್ಲಿ ಯಾರ ಮನೆಗೆ ನಾವು ಬನ್ನಿ ಹಿಡಿದು ಹೋಗಿದ್ದೇವೆ? ಬರುವ ದಸರೆಯಲ್ಲಿ ಗುರುಹಿರಿಯರಿಗೆ ಎಲೆ ಕೊಟ್ಟ ಬಳಿಕ ಇನ್ನೆರಡನ್ನು ಉಳಿಸಿಕೊಳ್ಳೋಣ. ಒಂದು, ನಮ್ಮನ್ನು ಕೆಡವಿದವನಿಗೆ. ಇನ್ನೊಂದು, ನಾವು ಯಾರಿಗಾಗಿ ಬೀಳಬೇಕಾಗಿದೆಯೋ ಆ ಮಗುವಿಗೆ.