ಹತ್ತು ರೂಪಾಯಿಯ ನ್ಯಾಯ

ಬೇಸಿಗೆಯ ರಜೆಯಲ್ಲಿ ನಾವು ದಂಪತಿಗಳು ಗೋವೆಯ ಸಡಾದಲ್ಲಿರುವ ಮಗಳ ಮನೆಯಲ್ಲಿ ಹದಿನೈದು ದಿನ ತಂಗಿದ್ದೆವು. ಮುರಗಾಂವ ಬಂದರಿನ ಮೇಲಿನ ಗುಡ್ಡದ ಊರು ಅದು. ಮುಂಜಾನೆ ಲಂಗರು ಹಾಕಿದ ಹಡಗುಗಳನ್ನು ನೋಡುತ್ತ, ಇಳಿಜಾರಿನ ದಾರಿಯಲ್ಲಿ ಬಸ್ಸು ಹಿಡಿದು, ಕೆಳಗಿನ ವಾಸ್ಕೋ ಪೇಟೆಯಿಂದ ತಾಜಾ ಕಾಯಿಪಲ್ಯ ತರುವುದು ನಮ್ಮ ದಿನಚರಿಯಾಯಿತು. ಗೋವೆಯ ಕೆಂಪು ಹರಿವೆ, ಕೋಕಮ್, ಡಜನ್ನಿನ ಲೆಕ್ಕದಲ್ಲಿ ಮಾರುವ ಮಾನಕುರಾದ ಮಾವು, ಘಟ್ಟ ಇಳಿದು ಬಂದ ಬೆಳಗಾವಿಯ ತರಕಾರಿ, ಎಲ್ಲವೂ ಅಲ್ಲಿ ಒಂದೇ ಸಾಲಿನಲ್ಲಿರುತ್ತವೆ.

ಒಂದು ದಿನ ಮೆಂತ್ಯದ ಸೊಪ್ಪು ಮಾರುತ್ತಿದ್ದ ಹೆಣ್ಣುಮಗಳೊಬ್ಬಳು ಕಟ್ಟಿಗೆ 20 ರೂಪಾಯಿ ಎಂದಳು. ನಾವು ನಮ್ಮ ಹರಕು ಹಿಂದಿಯಲ್ಲಿ, ಎರಡು ಕಟ್ಟಿಗೆ 30 ಎಂದು ಪಟ್ಟು ಹಿಡಿದೆವು. ಆಕೆ ಪಕ್ಕದವಳತ್ತ ತಿರುಗಿ, "ಇವರಿಗೆ ಹತ್ತು ರೂಪಾಯಿ ಭಾರ ಆಗೇತಿ ನೋಡವ್ವಾ, ನಮಗ ಅದ ಬಸ್ಸಿನ ರೊಕ್ಕ" ಎಂದಳು. ಕನ್ನಡ! ನಮ್ಮಾಕೆ "ಯಾವೂರವ್ವಾ ನಿಂದು?" ಎಂದು ಕೇಳಿದರು. "ಸವದತ್ತಿ ಕಡೇದ್ರಿ." ಮರುಮಾತಿಲ್ಲದೆ 40 ರೂಪಾಯಿ ಕೊಟ್ಟು ಬಂದೆವು.

ಹಿಂದಿನ ದಿನವಷ್ಟೇ ಕಡಲತೀರದ ಹೋಟೆಲೊಂದರಲ್ಲಿ ಪಟ್ಟಿಯಲ್ಲಿದ್ದ ಬೆಲೆಯನ್ನು ತುಟಿಪಿಟಕ್ಕೆನ್ನದೆ ತೆತ್ತಿದ್ದೆವು. ಅಚ್ಚಾದ ಬೆಲೆಗೆ ತಲೆಬಾಗುವ ನಾವು ಬಡವರ ಬಾಯಿಂದ ಬಂದ ಬೆಲೆಯನ್ನೇಕೆ ಸಂದೇಹಿಸುತ್ತೇವೆ? ಇದು ಒಂದು ಪ್ರಶ್ನೆ. ಇನ್ನೊಂದು ಇದಕ್ಕಿಂತ ಕಠಿಣವಾದುದು. ನಮಗೆ ನಾಚಿಕೆಯಾದದ್ದು ಆಕೆ ನಮ್ಮ ಭಾಷೆಯವಳೆಂದು ತಿಳಿದ ಮೇಲೆ. ಆಕೆ ಬೇರೆ ನುಡಿಯವಳಾಗಿದ್ದರೆ ಆ ಹತ್ತು ರೂಪಾಯಿ ಉಳಿಸಿದ ಸಂತೋಷದಿಂದಲೇ ಮನೆಗೆ ಮರಳುತ್ತಿದ್ದೆವಲ್ಲವೆ? ಹಾಗಾದರೆ ನಮ್ಮದು ನ್ಯಾಯಬುದ್ಧಿಯೋ, ಬರಿಯ ಸ್ವಜನಪ್ರೀತಿಯೋ?

ಚೌಕಾಸಿಯೇ ಪಾಪವೆಂದು ನಾವು ಹೇಳಲಾರೆವು. ಪಿಂಚಣಿಯಲ್ಲಿ ಬದುಕುವವರೂ ಲೆಕ್ಕ ನೋಡಲೇಬೇಕು. ಹೆಚ್ಚು ಹೇಳಿ ಕಡಿಮೆಗೆ ಕೊಡುವ ವ್ಯಾಪಾರಿಗಳೂ ಉಂಟು. ಕೌಟಿಲ್ಯನು ತನ್ನ ಅರ್ಥಶಾಸ್ತ್ರದಲ್ಲಿ ಸ್ವದೇಶಿ ಸರಕಿಗೆ ನೂರಕ್ಕೆ 5, ಪರದೇಶಿ ಸರಕಿಗೆ ನೂರಕ್ಕೆ 10 ಎಂದು ವರ್ತಕನ ಲಾಭಕ್ಕೆ ಮಿತಿ ಹಾಕಿದನು. ಆದರೆ ಕೊಳ್ಳುವವನ ಆಸೆಗೆ ಮಿತಿ ಹಾಕುವವರಾರು? ಬಿಸಿಲೇರಿದಂತೆ ಸೊಪ್ಪು ಬಾಡುತ್ತದೆ. ಮಾರುವವಳ ಆತಂಕ ಹೆಚ್ಚುತ್ತದೆ. ಬೆಲೆ ವಿಚಾರಿಸುವುದು ವ್ಯವಹಾರ. ಆ ಆತಂಕವನ್ನು ನಮ್ಮ ಲಾಭಕ್ಕೆ ಬಳಸಿಕೊಳ್ಳುವುದು ಅನ್ಯಾಯ. ಮಿತಿ ಇರುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಮರುದಿನ ಪ್ರಾಯಶ್ಚಿತ್ತವೆಂಬಂತೆ ಎರಡು ಕಟ್ಟಿಗೆ 50 ಕೊಟ್ಟು, ಚಿಲ್ಲರೆ ಬೇಡವೆಂದೆವು. ಆಕೆ ಒಪ್ಪಲಿಲ್ಲ. "ಬ್ಯಾಡ್ರೀ ಸರ, ನಾ ಬೇಡಾಕ ಕುಂತಿಲ್ಲ" ಎಂದು 10 ರೂಪಾಯಿಯನ್ನು ಕೈಗಿಟ್ಟಳು. ಹನ್ನೆರಡನೆಯ ಶತಮಾನದ ಆಯ್ದಕ್ಕಿ ಲಕ್ಕಮ್ಮನ ನೆನಪಾಯಿತು. ಗಂಡ ಮಾರಯ್ಯ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಮರಳಿ ಚೆಲ್ಲಿ ಬನ್ನಿರೆಂದ ಮಹಾತಾಯಿ ಆಕೆ. ನಲವತ್ತನ್ನು ಮೂವತ್ತಕ್ಕಿಳಿಸಿದಾಗ ನಾವು ಈಕೆಯ ದುಡಿಮೆಯನ್ನು ಕಡೆಗಣಿಸಿದ್ದೆವು, ಐವತ್ತಕ್ಕೇರಿಸಿದಾಗಲೂ ಕಡೆಗಣಿಸಿದೆವು. ಔದಾರ್ಯವು ನ್ಯಾಯದ ಸ್ಥಾನವನ್ನು ತುಂಬಲಾರದು.

ಹೊರನಾಡಿನಲ್ಲಿ ಕನ್ನಡದ ಬಾಂಧವ್ಯವನ್ನು ಪೋಷಿಸುವುದು ಸ್ತುತ್ಯವೇ ಸರಿ. ಆದರೆ ನಮ್ಮವರಲ್ಲಿ ತೋರುವ ನ್ಯಾಯವನ್ನು ನಮ್ಮವರಲ್ಲದವರಿಗೂ ಸಲ್ಲಿಸಿದಾಗಲೇ ಆ ಬಾಂಧವ್ಯಕ್ಕೆ ಶೋಭೆ.

ಊರಿಗೆ ಹೊರಡುವ ಮುಂಜಾನೆ, ಸವದತ್ತಿಯವಳಿಂದ ನಾಲ್ಕು ಹೆಜ್ಜೆ ಆಚೆ ಕುಳಿತಿದ್ದ ಗೋವೆಯ ವೃದ್ಧೆಯೊಬ್ಬರ ಬಳಿ ಕೆಂಪು ಹರಿವೆ ಕೊಂಡೆವು. ಬೆರಳೆಣಿಸಿ ಬೆಲೆ ಹೇಳಿದರು, ಕೊಟ್ಟೆವು. ಆಕೆ ಪಕ್ಕದವರಿಗೆ ಕೊಂಕಣಿಯಲ್ಲಿ ಏನನ್ನೋ ಹೇಳಿದರು. ನಮಗೆ ಅರ್ಥವಾಗಲಿಲ್ಲ, ತಲೆ ತಗ್ಗಿಸುವ ಕಾರಣವೂ ಇರಲಿಲ್ಲ.